ಮಿಕ್ಕ ಇಬ್ಬರು

೧

ಎಲ್ಲಿಂದ ಶುರು ಮಾಡಲಿ? ಜಪಾನಿನ ಯಾವುದೋ ಕಚೇರಿಯಲ್ಲಿ ಮೊದಲ ಹೊಡೆದಾಟದ ವಿಡಿಯೋ ಗೇಮ್ ಹುಟ್ಟಿದ ದಿನದಿಂದ ಶುರು ಮಾಡಿದರೆ ಪ್ರಬಂಧವಾಗುತ್ತದೆ. ಮೆಕ್ಸಿಕೋದ ಪ್ವೆಬ್ಲಾದಲ್ಲಿ, ನಮ್ಮ ಬಡಾವಣೆಯ ತೊರ್ತಿಯಾ ಅಂಗಡಿಯಿಂದ ಶುರು ಮಾಡಿದರೆ ಹಸಿವಾಗುತ್ತದೆ. ಹಸಿವೇ ವಾಸಿ.

ಮೂವತ್ತು ವರ್ಷದ ಹಿಂದೆ, ಮಧ್ಯಾಹ್ನ ಎರಡು ಗಂಟೆ. ಕೈಯಲ್ಲಿ ಬಟ್ಟೆ ಹಿಡಿದು ಬಿಸಿ ತೊರ್ತಿಯಾಕ್ಕೆ, ಅಂದರೆ ಮೆಕ್ಕೆಜೋಳದ ರೊಟ್ಟಿಗೆ, ಕಾಯುವ ಸಾಲು. ಸಾಲಿನ ಪಕ್ಕ ಗೋಡೆಗೊರಗಿದ ಒಂದು ಗೇಮ್ ಪೆಟ್ಟಿಗೆ. ಅದರ ನೆತ್ತಿಯಲ್ಲಿ ದೀಪದ ಫಲಕ: 'ಮೂವರು'. (ಫಲಕ ಇದ್ದದ್ದು ಸ್ಪ್ಯಾನಿಷಿನಲ್ಲಿ; ನಿಮಗಾಗಿ ಬದಲಿಸಿದ್ದೇನೆ. ಫಲಕ ಬದಲಿಸುವ ಚಟ ಈ ಕಥೆಯಲ್ಲಿ ನನಗೊಬ್ಬನಿಗೇ ಇಲ್ಲ.)

ಅಂಗಡಿಯ ಒಡತಿ ದೋನ್ಯ ಒಬ್ದೂಲಿಯಾ. (ದೋನ್ಯ ಅಂದರೆ ಅಮ್ಮಾವ್ರು; ಗಂಡಸಾದರೆ ದೋನ್.) ತಕ್ಕಡಿ ಬಿಟ್ಟು ಬಂದು, ಹಿಟ್ಟಿನ ಕೈಯಲ್ಲೇ ಆಡಿ, ಸವಾಲು ಹಾಕಿದವನನ್ನು ಮಲಗಿಸಿ, ಮತ್ತೆ ತಕ್ಕಡಿಗೆ ಹೋಗುತ್ತಿದ್ದರು. ಒಮ್ಮೆಯೂ ಸೋತವರಲ್ಲ.

೨

ಈಗ ಆ ಪೆಟ್ಟಿಗೆ ಬಡಾವಣೆಯ ಸಂಸ್ಕೃತಿ ಭವನಕ್ಕೆ ಬರುತ್ತಿದೆ. ಪ್ರದರ್ಶನದಲ್ಲಿ ಕಾರಿನ ಓಟಕ್ಕೊಂದು ಪೆಟ್ಟಿಗೆ, ಫುಟ್‌ಬಾಲಿಗೊಂದು, ಹೊಡೆದಾಟಕ್ಕೊಂದು. ಪ್ರತಿಯೊಂದರ ಪಕ್ಕ ಒಂದು ಚೀಟಿ: ಇಷ್ಟೊಂದು ಆಟಗಳಿರುವಾಗ ಈ ಒಂದು ಸರಣಿಯೇ ಆ ಬಗೆಯ ಆಟಗಳಿಗೆಲ್ಲ ಹೆಸರಾದದ್ದು ಯಾಕೆ? ನಾಲ್ಕು ಸಾಲು ಸಾಕು. ಬರೆಯುವವನು ನಾನು.

ಪ್ರಶ್ನೆ ಸುಳ್ಳಲ್ಲ. ನಮ್ಮಲ್ಲಿ ಯಾವ ಹೊಡೆದಾಟದ ಗೇಮ್ ಕಂಡರೂ 'ಮೂವರು' ಅನ್ನುತ್ತಾರೆ. ಬೀದಿಯಲ್ಲಿ ಇಬ್ಬರು ಕೈ ಮಿಲಾಯಿಸಿದರೂ ಅನ್ನುತ್ತಾರೆ.

ಮೊದಲ ಕರಡು: 'ಅತ್ಯುತ್ತಮವಾದದ್ದೇ ಉಳಿಯುತ್ತದೆ.' ಹರಿದೆ. (ಹಾಗಾದ ಒಂದು ಉದಾಹರಣೆ ಗೊತ್ತಿದ್ದರೆ ತಿಳಿಸಿ.)

ಎರಡನೇ ಕರಡು: 'ಮೊದಲು ಬಂದದ್ದೇ ಉಳಿಯುತ್ತದೆ.' ಇದು ಭವನದ ಮುಖ್ಯಸ್ಥೆ ಇತ್ಸೆಲ್ ಅವರ ಅಭಿಪ್ರಾಯ. ಆದರೆ ಮೊದಲು ಬಂದದ್ದು 'ಕಲ್ಲುಮುಷ್ಟಿ' ಎಂಬ ಆಟ. ಅದರ ಹೆಸರು ಇಲ್ಲಿ ಯಾರೂ ಕೇಳಿಲ್ಲ. ಹರಿದೆ.

೩

ಪೆಟ್ಟಿಗೆ ಸದ್ಯ ದೋನ್ ನಿಕಾನೋರ್ ಅವರ ರಿಪೇರಿ ಅಂಗಡಿಯಲ್ಲಿದೆ. ಮೊದಲಿಗೆ ಅದನ್ನು ತೊರ್ತಿಯಾ ಅಂಗಡಿಗೆ ತಂದಿಟ್ಟವರೂ ಅವರೇ. ಒಬ್ದೂಲಿಯಾರ ಮಗಳನ್ನು ದೀಕ್ಷಾಸ್ನಾನದಲ್ಲಿ ಎತ್ತಿ ಹಿಡಿದ ಧರ್ಮಪಿತ; ಹಾಗಾಗಿ ಒಬ್ದೂಲಿಯಾರಿಗೆ ಅವರು ಕೊಂಪಾದ್ರೆ, ಅವರಿಗೆ ಈಕೆ ಕೊಮಾದ್ರೆ. ಅಣ್ಣತಮ್ಮಂದಿರು ಮಾತು ಬಿಟ್ಟರೂ ಆ ನಂಟಿನವರು ಬಿಡುವುದಿಲ್ಲ.

"ಮಾಯೆಸ್ತ್ರೋ, ಚೀಟಿಗೆ ಎರಡು ಮಾತು ಬೇಕಿತ್ತು." (ಕೈಕಸುಬಿನವರನ್ನು ನಾವು ಮಾಯೆಸ್ತ್ರೋ, ಗುರುಗಳೇ, ಎನ್ನುತ್ತೇವೆ.)

"ನಿಮಗೆ ಮಾತು ಬೇಕು, ನನಗೆ ಪಾಪ ಹೇಳ್ಕೊಳ್ಳೋಕೆ ಒಬ್ಬ ಪಾದ್ರಿ ಬೇಕು. ಕೂತ್ಕೊಳ್ಳಿ." ಪೆಟ್ಟಿಗೆಯ ಬೆನ್ನು ಬಿಚ್ಚಿ ಒಳಗಿನ ಬೋರ್ಡ್ ತೋರಿಸಿದರು. "ಇದು 'ಮೂವರು' ಅಲ್ಲ. 'ಕಲ್ಲುಮುಷ್ಟಿ'."

"ಫಲಕ?"

"ಫಲಕ ಇತ್ತು, ಆಟ ಇರ್ಲಿಲ್ಲ. ಈ ಆಟ ಇತ್ತು, ಆಡೋರು ಇರ್ಲಿಲ್ಲ. ಪೇಟೆ ತುಂಬ 'ಮೂವರು' ಅಂತ ಜೀವ ಬಿಡ್ತಿದ್ರು. ಆ ಫಲಕನ ಇದಕ್ಕೆ ಸಿಕ್ಕಿಸಿಬಿಟ್ಟೆ. ಮಾರನೇ ದಿನ ಗಾಜಿನಂಚಲ್ಲಿ ಐದು ನಾಣ್ಯ ಕಾಯ್ತಿದ್ವು."

(ಪರದೆಯ ಗಾಜಿನಂಚಿನಲ್ಲಿ ನಾಣ್ಯ ಇಟ್ಟರೆ, ಗೆದ್ದವರಿಗೆ ಮುಂದಿನ ಸವಾಲು ನನ್ನದು ಎಂದರ್ಥ. ಆ ನಾಣ್ಯವನ್ನು ನಮ್ಮ ಬಡಾವಣೆಯ ಕಳ್ಳರೂ ಮುಟ್ಟುತ್ತಿರಲಿಲ್ಲ.)

"ಪರದೆ ಮೇಲೆ ಹೆಸರು ಬರಲ್ವಾ?"

"ಜಪಾನಿ ಅಕ್ಷರದಲ್ಲಿ ಬರುತ್ತೆ. ಓದಿ ನೋಡೋಣ."

"ಆದರೆ 'ಮೂವರು' ಅಂದಮೇಲೆ ಒಬ್ಬೊಬ್ಬ ಆಟಗಾರನಿಗೂ ಮೂರು ಜನ ಇರಬೇಕಲ್ಲ? ಒಬ್ಬ ಬಿದ್ದರೆ ಇನ್ನೊಬ್ಬ. ಇದರಲ್ಲಿ ಒಬ್ಬನೇ."

"ಕೇಳಿದ್ರು. ಮಿಕ್ಕ ಇಬ್ಬರ ಚಿಪ್ ಬರ್ಬೇಕು, ಗಡಿ ಸುಂಕದಲ್ಲಿ ಸಿಕ್ಕೊಂಡಿದೆ ಅಂದೆ."

"ಎಷ್ಟು ದಿನ ನಂಬಿದ್ರು?"

"ಮೊನ್ನೆ ಕಟುಕರ ಅಂಗಡಿಯವನು ಕೇಳ್ದ, ಬಂತಾ ಅಂತ."

ಶನಿವಾರ ಉದ್ಘಾಟನೆ. ರಾಜಧಾನಿಯಿಂದ ಹಳೆಯ ಆಟಗಳ ಸಂಗ್ರಾಹಕನೊಬ್ಬ ಬರುತ್ತಾನೆ, ಜಪಾನಿ ಓದಬಲ್ಲವನು. ಪ್ರದರ್ಶನಕ್ಕಿಟ್ಟ ಒಬ್ದೂಲಿಯಾರ ಫೋಟೋದ ಕೆಳಗೆ ಆಗಲೇ ಅಚ್ಚಾಗಿದೆ: ''ಮೂವರು' ಆಟದ ಅಜೇಯ ರಾಣಿ.'

"ಕೊಮಾದ್ರೆ ಆ ಆಟವನ್ನೇ ಆಡಿಲ್ಲ ಅಂತ ಎಲ್ಲರೆದುರು ಗೊತ್ತಾದ್ರೆ? ಮೋಸ ಮಾಡಿದವನು ಅವರ ಕೊಂಪಾದ್ರೆ ಅಂತಾದ್ರೆ? ಆಮೇಲೆ ಆ ಮನೆ ಮೆಟ್ಟಿಲು ಹೇಗೆ ಹತ್ತಲಿ? ಇದನ್ನ ಬರೀಬೇಡಿ."

"ಬರೆದಾಯಿತು ಮಾಯೆಸ್ತ್ರೋ. ಓದುಗರು ಓದಿಯೂ ಆಯಿತು."

"ಅವರಿಗೆ ಮರೆತುಬಿಡೋಕೆ ಹೇಳಿ."

(ಹೇಳಿದ್ದೇನೆ.)

೪

ಮುಕ್ತಾಯ ಒಂದು: ನಿಕಾನೋರ್ ಎಲ್ಲಿಂದಲೋ ನಿಜವಾದ 'ಮೂವರು' ಬೋರ್ಡ್ ತಂದು ಗುಟ್ಟಾಗಿ ಜೋಡಿಸುತ್ತಾರೆ.

"ಆಮೇಲೆ ಇತ್ಸೆಲ್ ಕೊಮಾದ್ರೆಗೆ ಒಂದಾಟ ಆಡಿ ಅಂತಾಳೆ," ಎಂದರು ನಿಕಾನೋರ್. "ಅವರು ಗೊತ್ತಿಲ್ಲದ ಆಟದಲ್ಲಿ ಸೋಲ್ತಾರೆ. ಶಾಭಾಸ್. ಓದಿದೋರ ಬುದ್ಧಿಯೇ ಇಷ್ಟು."

ಮುಕ್ತಾಯ ಎರಡು: ನಾನು ಚೀಟಿಯಲ್ಲಿ ಸತ್ಯ ಬರೆಯುತ್ತೇನೆ. ಇತ್ಸೆಲ್‌ಗೆ ಖುಷಿ. ಶನಿವಾರ ಒಬ್ದೂಲಿಯಾ ಬರುವುದಿಲ್ಲ. (ಇದು ಸಾಹಿತ್ಯಿಕವಾಗಿ ಚೆನ್ನಾಗಿದೆ, ಆದರೆ ನಾನು ತೊರ್ತಿಯಾ ಕೊಳ್ಳುವುದು ಅಲ್ಲೇ.)

ಮೂರನೆಯದನ್ನು ಯೋಚಿಸುವಷ್ಟರಲ್ಲಿ ಒಬ್ದೂಲಿಯಾರೇ ಅಂಗಡಿಯೊಳಗೆ ಬಂದರು. ನಾನು ಕರೆದಿರಲಿಲ್ಲ. ಬಟ್ಟೆಯಲ್ಲಿ ಸುತ್ತಿದ ತೊರ್ತಿಯಾವನ್ನು ಮೇಜಿನ ಮೇಲಿಟ್ಟು, ಬೆನ್ನು ಬಿಚ್ಚಿದ ಪೆಟ್ಟಿಗೆಯನ್ನೂ ನಮ್ಮಿಬ್ಬರ ಮುಖವನ್ನೂ ನೋಡಿದರು.

"ಏನು ಕೊಂಪಾದ್ರೆ, ಮಿಕ್ಕ ಇಬ್ರು ಬಂದ್ರಾ?"

ನಿಕಾನೋರ್ ಸ್ಕ್ರೂಡ್ರೈವರ್ ಒರೆಸತೊಡಗಿದರು. ಅದು ಶುಚಿಯಾಗಿಯೇ ಇತ್ತು.

"ನನ್ನ ತಂಗಿ ಮನೆ ಬಸ್ ನಿಲ್ದಾಣದ ಹಿಂದೆ," ಎಂದರು ಒಬ್ದೂಲಿಯಾ, ನನಗೆ ಹೇಳುವಂತೆ. "ಅಲ್ಲಿ ಅಸಲಿ 'ಮೂವರು' ಇತ್ತು. ಇವರು ಇದನ್ನ ತಂದಿಟ್ಟ ಎರಡನೇ ವಾರವೇ ಆಡಿ ನೋಡ್ದೆ. ಒಬ್ಬ ಬಿದ್ರೆ ಇನ್ನೊಬ್ಬ, ಅವನು ಬಿದ್ರೆ ಮತ್ತೊಬ್ಬ. ಮುಗಿಯೋದೇ ಇಲ್ಲ. ಅಷ್ಟರಲ್ಲಿ ತೊರ್ತಿಯಾ ಆರಿಹೋಗುತ್ತೆ. ನಮ್ಮದೇ ಸರಿ. ಒಂದು ಕಿಲೋ ತೂಗೋಷ್ಟರಲ್ಲಿ ಒಂದಾಟ."

"ಗೊತ್ತಿದ್ದೂ ಸುಮ್ಮನಿದ್ರಾ, ಕೊಮಾದ್ರೆ? ಮೂವತ್ತು ವರ್ಷ?"

"ನೀವು ಅಷ್ಟು ಕಷ್ಟಪಟ್ಟು ಸುಳ್ಳು ಹೇಳ್ತಿದ್ರಿ. ಮಧ್ಯೆ ಬಾಯಿ ಹಾಕೋದು ಮರ್ಯಾದೆಯಾ?"

ನಿಕಾನೋರ್ ತೊರ್ತಿಯಾ ಒಂದನ್ನು ತೆಗೆದು, ಉಪ್ಪು ಉದುರಿಸಿ, ಸುರುಳಿ ಸುತ್ತಿ ತಿಂದರು. ಇನ್ನೊಂದು ತಿನ್ನುವವರೆಗೂ ತಲೆಯೆತ್ತಲಿಲ್ಲ.

"ದೋನ್ಯ, ಚೀಟಿಯಲ್ಲಿ ಯಾವ ಹೆಸರು ಬರೆಯಲಿ?"

"ಜನ ಏನಂತಾರೆ?"

"'ಮೂವರು'."

"ಮತ್ತೆ? ಅದನ್ನೇ ಬರೀರಿ. ಯಾರಾದ್ರೂ ಕಲಿತವನು ಬಂದು ತಪ್ಪು ಅಂದ್ರೆ, ಗಾಜಿನ ಮೇಲೆ ನಾಣ್ಯ ಇಡೋಕೆ ಹೇಳಿ."

೫

ಚೀಟಿ, ಅಂತಿಮ ಕರಡು: 'ಮೂವರು. ಒಂದು ಕಿಲೋ ತೂಗುವಷ್ಟರಲ್ಲಿ ಮುಗಿಯುತ್ತಿತ್ತು. ಮಿಕ್ಕ ಇಬ್ಬರು ಇನ್ನೂ ಬರಬೇಕಿದೆ.' ನಾಲ್ಕನೇ ಸಾಲು ಖಾಲಿ ಬಿಟ್ಟಿದ್ದೇನೆ.

ಶನಿವಾರ ಸಂಗ್ರಾಹಕ ಬಂದ. ಪರದೆ ಓದಿದ, ಫಲಕ ಓದಿದ, ಫೋಟೋದ ಕೆಳಗಿನದನ್ನು ಓದಿದ, ಚೀಟಿ ಓದಿದ. ಬಾಯಿ ತೆರೆದ. ನಿಕಾನೋರ್ ನೆಲ ನೋಡುತ್ತಿದ್ದರು. ಒಬ್ದೂಲಿಯಾ ಕೈ ಒರೆಸಿಕೊಂಡು ಪೆಟ್ಟಿಗೆಯ ಎಡಬದಿಯಲ್ಲಿ, ಎಂದಿನ ಜಾಗದಲ್ಲಿ, ನಿಂತರು. ಬಲಬದಿ ಖಾಲಿ.

ಆತ ಬಾಯಿ ಮುಚ್ಚಿ, ಜೇಬಿಗೆ ಕೈ ಹಾಕಿದ.

ನಾಣ್ಯ ಸಿಕ್ಕಿತೇ, ಇಟ್ಟನೇ, ಯಾರು ಬಿದ್ದರು ಎಂದು ನೀವು ಕೇಳುತ್ತೀರಿ. ಸಾಲಿನಲ್ಲಿ ಕಾಯುತ್ತಿರಿ. ಒಂದು ಕಿಲೋ ಇನ್ನೂ ತೂಗಿಲ್ಲ.