ಇಬ್ಬರು ಹೊಲಿದ ಕಾಜ

ನಾನೂ ನನ್ನ ವಾರಗಿತ್ತಿಯೂ ಒಂದೇ ಟೈಲರ್ ಅಂಗಡಿಯಲ್ಲಿ ಕೈಯಿಂದ ಗುಂಡಿಯ ಕಾಜ ಹೊಲಿಯುವವರು. ಅವಳು ಊಟಕ್ಕೆ ಎದ್ದಾಗಲೆಲ್ಲ ಅವಳ ಬಟ್ಟೆ ತಿರುವಿ ನೋಡುತ್ತಿದ್ದೆ. ಒಳಮೈಯೂ ಹೊರಮೈಯಷ್ಟೇ ನುಣುಪು! ಹೊಟ್ಟೆ ಉರಿದು, ಮಕ್ಕಳು ಮಲಗಿದ ಮೇಲೆ ಚಿಂದಿ ಬಟ್ಟೆಯಲ್ಲಿ ಕೈ ಪಳಗಿಸಿಕೊಂಡೆ.

ಇವತ್ತು ಮದುಮಗನ ಕೋಟನ್ನು ಯಾರಿಗೆ ಕೊಡುವುದೆಂದು ತಿಳಿಯಲು ಮಾಸ್ಟರ್ ನಮ್ಮಿಬ್ಬರ ಮಾದರಿಗಳನ್ನು ಮೇಜಿನ ಮೇಲೆ ಬೆರೆಸಿಟ್ಟರು. ಒಂದನ್ನು ತಿರುವಿ ನೋಡಿದೆ; ಒಳಮೈಯೂ ಹೊರಮೈಯಷ್ಟೇ ನುಣುಪು.

“ಇದು ಇವಳದು. ಕೋಟು ಇವಳಿಗೇ ಕೊಡಿ,” ಎಂದೆ.

ವಾರಗಿತ್ತಿ ಮುಖ ಊದಿಸಿದಳು. “ಅಣಕಿಸ್ತೀಯಾ ಅಕ್ಕ? ಅದು ನಿಂದೇ! ಕೊನೇಲಿ ಒಂದು ಹೊಲಿಗೆ ಜಾಸ್ತಿ ಹಾಕೋ ಚಟ ಇನ್ಯಾರಿಗಿದೆ? ನಾನೂ ದಿನಾ ತಿರುವಿ ನೋಡ್ತೀನಲ್ಲ!”

ಕೋಟು ನನ್ನ ಮಡಿಲಿಗೆ ಬಂತು. ನಾನೋ, ನನ್ನ ಕೈಗಳನ್ನೇ ಇನ್ಯಾರದೋ ಎಂಬಂತೆ ನೋಡುತ್ತಾ ಕೂತೆ.