ಪಿಳ್ಳಪ್ಪನ ಎಡೆ

ಮಣ್ಣಿನ ಗುಡ್ಡೆಯ ತಲೆದೆಸೆಗೆ ಬಾಳೆ ಎಲೆ ಹಾಸಿ ಗಂಗಲಕ್ಷ್ಮಮ್ಮ ಮುದ್ದೆ ಇಟ್ಟಳು. ಪಕ್ಕಕ್ಕೆ ಅವರೆಕಾಳು ಸಾರು, ಎರಡು ವಡೆ, ಒಂದು ಕಟ್ಟು ಬೀಡಿ. ಹಾಲು ತುಪ್ಪ ಬಿಟ್ಟಾಗಿತ್ತು. ಇನ್ನು ಕಾಗೆ ಬಂದು ಎಡೆ ಮುಟ್ಟಿದರೆ ಎಲ್ಲರೂ ಊಟಕ್ಕೆ ಏಳಬಹುದು. ಅವಳ ಗಂಡ ಪಿಳ್ಳಪ್ಪ ಮಣ್ಣಾಗಿ ಅಂದಿಗೆ ಮೂರನೆಯ ದಿನ.

ಅವಳ ತಮ್ಮ ಬೈಲಪ್ಪ ಎಲ್ಲರನ್ನೂ ಹೊಂಗೆ ಮರದ ಕೆಳಕ್ಕೆ ಸರಿಸಿದ. ಕುಂದಾಣದ ಪಕ್ಕದ ಈ ಹೊಲ ಅವನದೇ. ಪಿಳ್ಳಪ್ಪನ ಸ್ವಂತ ಹೊಲ ವಿಮಾನ ನಿಲ್ದಾಣದ ರನ್‌ವೇ ಕೆಳಗೆ ಸೇರಿ ಇಪ್ಪತ್ತು ವರ್ಷ ಆಗಿಹೋಗಿತ್ತು. ಕೊನೆಗೆ ಮಲಗುವುದಕ್ಕೂ ಪಾಪ, ಭಾಮೈದನ ಬದುವೇ ಗತಿಯಾಯಿತು.

ಭೀಮರಾಜ್ ಎಲ್ಲರಿಗಿಂತ ಹಿಂದೆ ನಿಂತಿದ್ದ. ಹನ್ನೊಂದು ವರ್ಷ ಅವನೂ ಪಿಳ್ಳಪ್ಪನೂ ಒಂದೇ ಜೀಪಿನಲ್ಲಿ ಕೂತು ಮಾಡಿದ್ದು ಒಂದೇ ಕೆಲಸ, ರನ್‌ವೇ ಮೇಲೆ ಹಕ್ಕಿ ಕೂರದ ಹಾಗೆ ನೋಡಿಕೊಳ್ಳುವುದು. ಒಂದು ಹದ್ದು ಇಂಜಿನ್ನಿಗೆ ಸಿಕ್ಕಿಕೊಂಡರೆ ಇನ್ನೂರು ಜನರ ಪ್ರಾಣಕ್ಕೆ ಸಂಚಕಾರ. ಹಾಗಾಗಿ ಬೆಳಗಿನಿಂದ ಸಂಜೆಯವರೆಗೆ ಹಾರ್ನ್ ಒತ್ತು, ಪಟಾಕಿ ಹಚ್ಚು, ಕೈ ತಟ್ಟು, ಕೂಗು. ಹಕ್ಕಿ ಬರಲಪ್ಪಾ ಎಂದು ಅವನು ಬೇಡಿಕೊಂಡದ್ದು ಇವತ್ತೇ ಮೊದಲು.

ಕರೆಂಟಿನ ತಂತಿಯ ಮೇಲೆ ಎರಡು ಕಾಗೆ ಕೂತಿದ್ದವು. ಎಲೆಯ ಕಡೆಗೇ ನೋಡುತ್ತಿದ್ದವು, ಇಳಿಯಲಿಲ್ಲ. ಒಂದು ಗಂಟೆ ಕಳೆಯಿತು. ಜೀವಮಾನವೆಲ್ಲ ಹಕ್ಕಿ ಓಡಿಸಿದವನ ಎಡೆಗೆ ಅವು ಎಲ್ಲಿ ಬಂದಾವು ಎಂದು ನೆಂಟರಲ್ಲಿ ಯಾರೋ ಗೊಣಗಿದರು. ಗಂಗಲಕ್ಷ್ಮಮ್ಮ ಸೆರಗನ್ನು ಬಾಯಿಗೆ ಒತ್ತಿಕೊಂಡಳು.

* * *

ಭೀಮರಾಜ್ ಕೆಲಸಕ್ಕೆ ಸೇರಿದ ಮೊದಲ ದಿನ ಪಿಳ್ಳಪ್ಪ ರನ್‌ವೇ ಪಕ್ಕದ ಹುಲ್ಲಿನಲ್ಲಿ ಜೀಪು ನಿಲ್ಲಿಸಿ ಇಳಿದಿದ್ದ. ನೆಲವನ್ನು ಕಾಲಿನಿಂದ ಮೆಲ್ಲಗೆ ತಟ್ಟಿ, "ಇಲ್ಲೇ ಕಣಪ್ಪ ನಮ್ ಬಾವಿ ಇದ್ದಿದ್ದು," ಎಂದ. ಅಷ್ಟು ದೂರದಲ್ಲಿ ಬೆಳ್ಳಕ್ಕಿಗಳ ಹಿಂಡು ಮೇಯುತ್ತಿತ್ತು. ಪಿಳ್ಳಪ್ಪ ಕೈ ಎತ್ತಿ ಜೋರಾಗಿ ತಟ್ಟಿದ. ಅವು ಎದ್ದು ಹಾರುವಾಗ, "ಹೋಗ್ರಪ್ಪಾ, ಬೇಜಾರ್ ಮಾಡ್ಕೋಬೇಡಿ. ನಮ್ಮುನ್ನೂ ಹಿಂಗೇ ಎಬ್ಬಿಸಿದ್ರು," ಎಂದ. ಭೀಮರಾಜ್ ನಕ್ಕುಬಿಟ್ಟಿದ್ದ. ಆಗ ಅವನಿಗೆ ಏನು ಗೊತ್ತು?

ಇನ್ನೊಂದು ಮಧ್ಯಾಹ್ನ ಜೀಪಿನಲ್ಲೇ ಬುತ್ತಿ ಬಿಚ್ಚಿ ತಿನ್ನುತ್ತಿದ್ದಾಗ ಮುದುಕ ಇದ್ದಕ್ಕಿದ್ದಂತೆ ಮಾತು ತೆಗೆದ.

"ನಾನ್ ಸತ್ರೆ ನನ್ ಎಡೆನ ಒಂದ್ ಕಾಗೇನೂ ಮುಟ್ಟಲ್ಲ, ನೋಡ್ತಿರು. ಅವುಕ್ಕೆ ನನ್ ಮುಖ ಗುರ್ತೈತೆ."

"ನಾನಿದೀನಲ್ಲಣ್ಣ, ಕರ್ದು ಕೂರಿಸ್ತೀನಿ ಬಿಡು."

ತಮಾಷೆಗೆ ಅಂದ ಮಾತು. ಆದರೆ ಪಿಳ್ಳಪ್ಪ ನಗಲಿಲ್ಲ. ಭೀಮರಾಜ್ ಕಾಗೆ ಕರೆದು ಕೂರಿಸುತ್ತಾನೆ ಎಂದು ಮನೆಯಲ್ಲೂ ಹೇಳಿಕೊಂಡಿದ್ದನಂತೆ. ಮಣ್ಣು ಮಾಡಿದ ದಿನ ಗಂಗಲಕ್ಷ್ಮಮ್ಮ ಭೀಮರಾಜನ ಹತ್ತಿರ ಬಂದು, ಮೂರನೇ ದಿನ ತಪ್ಪಿಸಬೇಡ ಎಂದು ಕೇಳಿಕೊಂಡದ್ದು ಅದಕ್ಕೇ.

* * *

ಬಿಸಿಲು ನೆತ್ತಿಗೆ ಬಂದಿತ್ತು. ಪಡುವಲಿಂದ ಒಂದು ವಿಮಾನ ಚಕ್ರ ಬಿಟ್ಟುಕೊಂಡು ತಗ್ಗಿನಲ್ಲಿ ಬಂತು. ಅದೇ ಹೊತ್ತಿಗೆ ತಂತಿಯಿಂದ ಒಂದು ಕಾಗೆ ಇಳಿಯಿತು. ನೆಲದ ಮೇಲೆ ಕುಪ್ಪಳಿಸುತ್ತ ಎಲೆಯ ಅಂಚಿಗೇ ಬಂತು.

ಮೇಲೆ ವಿಮಾನದ ಸದ್ದು, ಕೆಳಗೆ ನೆಲದ ಮೇಲೆ ಹಕ್ಕಿ. ಭೀಮರಾಜನಿಗೆ ತಿಳಿಯುವುದರೊಳಗೆ ಅವನ ಎರಡೂ ಕೈ ತಲೆಯ ಮೇಲಕ್ಕೆ ಹೋಗಿ ಪಟಪಟನೆ ತಟ್ಟಿದ್ದವು. "ಹೋಯ್" ಎಂಬ ಕೂಗೂ ಹೊರಬಿದ್ದಿತ್ತು. ಕಾಗೆ ಹಾರಿಹೋಯಿತು.

"ಏನ್ ಮಾಡ್ಬಿಟ್ಟೆ ಗುರು," ಎಂದ ಬೈಲಪ್ಪ.

ಭೀಮರಾಜ್ ತನ್ನ ಕೈಗಳನ್ನೇ ನೋಡಿಕೊಂಡ. ಅವನಿಗೆ ಅಳು ಬಂತು, ತಡೆಯಲಾಗಲಿಲ್ಲ. ಅಣ್ಣ ಒಂದೇ ಒಂದು ವಿಷಯಕ್ಕೆ ಹೆದರಿದ್ದ, ಅದನ್ನು ತಾನೇ ನಿಜ ಮಾಡಿಟ್ಟೆನಲ್ಲ ಎನಿಸಿತು. ಬೇಕೆಂದು ಮಾಡಲಿಲ್ಲ ಅಕ್ಕ, ನಾನಿದ್ದರೆ ಅವು ಬರಲ್ಲ, ಹೋಗ್ತೀನಿ ಎಂದು ತೊದಲಿ ಚಪ್ಪಲಿ ಹುಡುಕತೊಡಗಿದ.

"ಎಲ್ಲಿಗ್ ಹೋಗ್ತೀಯ? ಕೂತ್ಕೋ," ಎಂದಳು ಗಂಗಲಕ್ಷ್ಮಮ್ಮ. ಮಣ್ಣಿನಲ್ಲೇ ಅವನ ಪಕ್ಕ ತಾನೂ ಕೂತಳು. "ನಮ್ಮೆಜಮಾನ್ರೂ ಹಂಗೇ ಕಣಪ್ಪ. ನಿದ್ದೇಲಿ ವಿಮಾನದ ಸದ್ದು ಕೇಳಿದ್ರೆ ಕೈ ತಟ್ಟೋರು. ನಾನ್ ಹಿಡ್ಕೊಂಡೇ ಮಲಗ್ತಿದ್ದೆ."

ಅವಳು ಭೀಮರಾಜನ ಎರಡೂ ಕೈಗಳನ್ನು ಎಳೆದು ತನ್ನ ಮಡಿಲಲ್ಲಿ ಇಟ್ಟುಕೊಂಡಳು. ಎಷ್ಟೋ ಹೊತ್ತಾದ ಮೇಲೆ ಪಡುವಲ ಕಡೆ ಮತ್ತೆ ವಿಮಾನದ ಸದ್ದು ಎದ್ದಿತು. ಕಾಗೆ ಮತ್ತೆ ಇಳಿಯಿತು, ಎಲೆಯ ಸುತ್ತ ಒಂದು ಸಲ ನಡೆಯಿತು.

ಮಡಿಲಲ್ಲಿದ್ದ ಕೈಗಳು ಜಗ್ಗಿದವು. ಅವಳು ಬಿಗಿಯಾಗಿ ಹಿಡಿದಳು. ವಿಮಾನ ತಲೆಯ ಮೇಲೆ ಹಾದುಹೋಗುತ್ತಿರುವಾಗ ಕಾಗೆ ಮುದ್ದೆಗೆ ಕೊಕ್ಕು ಹಾಕಿತು. ನೆಂಟರೆಲ್ಲ ಊಟಕ್ಕೆ ಎದ್ದರು. ಗಂಗಲಕ್ಷ್ಮಮ್ಮ ಮಾತ್ರ ಹಿಡಿದ ಕೈ ಬಿಡದೆ ಕೂತೇ ಇದ್ದಳು.