ಹಸಿ ಹುಲ್ಲಿನ ಕಟ್ಟು

ಮೊಳಕೈ ಮುಳುಗುವಷ್ಟು ಆಳಕ್ಕೆ ಕೈ ತೂರಿಸಿದ ವನಜಾ ಸರಕ್ಕನೆ ಹಿಂದಕ್ಕೆ ಎಳೆದುಕೊಂಡಳು. ಹುಲ್ಲಿನ ಕಟ್ಟಿನ ಹೊಟ್ಟೆ ಸುಡುತ್ತಿತ್ತು. ಪಕ್ಕದ ಕಟ್ಟಿಗೆ ಕೈ ಹಾಕಿದಳು, ಅದೂ ಹಾಗೇ. ಶೆಡ್ಡಿನ ಹೊರಗೆ, ಅಂಗಳದ ಶಾಮಿಯಾನದ ಕೆಳಗೆ, ಅವಳ ಮಾವ ನರಸಪ್ಪನ ಹೆಣ ಬೆಂಚಿನ ಮೇಲೆ ಮಲಗಿತ್ತು. ತಮಟೆಯವರು ಕಾಫಿ ಕುಡಿಯಲು ನಿಲ್ಲಿಸಿದ್ದರಿಂದ ಹೆಂಗಸರು ಬಿಕ್ಕುವುದು ಶೆಡ್ಡಿನ ಮೂಲೆಯವರೆಗೂ ಕೇಳಿಸುತ್ತಿತ್ತು.

"ನಾ ಹೇಳಲಿಲ್ಲೇನ್ರಿ ಅಕ್ಕಾರ," ಎಂದಳು ಹಾಲಿನ ಬಕೆಟ್ಟು ಹಿಡಿದು ಬಾಗಿಲಲ್ಲಿ ನಿಂತಿದ್ದ ಮಲಕವ್ವ. "ಬೆಲ್ಲ ಕುದಿಸಿದಂಗ ವಾಸನಿ. ಮುಂಜಾನಿಂದ ಬರಾಕತ್ತೈತ್ರಿ."

ಮಲಕವ್ವ ಶೆಡ್ಡಿಗೆ ಅಂಟಿಕೊಂಡ ಸಾಲುರೂಮಿನ ಬಾಡಿಗೆಯವಳು. ಬಾಗಲಕೋಟೆ ಕಡೆಯಿಂದ ಗಂಡನ ಜೊತೆ ಕಟ್ಟಡದ ಕೆಲಸಕ್ಕೆ ಬಂದು ಆರು ವರ್ಷವಾಗಿತ್ತು. ಸಾವಿನ ಮನೆಯವರು ಅವತ್ತು ಒಲೆ ಹಚ್ಚುವಂತಿಲ್ಲ, ಕೊಟ್ಟಿಗೆ ಮುಟ್ಟುವಂತಿಲ್ಲ ಎಂದು ನಾಲ್ಕು ಹಸುಗಳ ಹಾಲು ಕರೆಯಲು ಅವಳೇ ಬಂದಿದ್ದಳು. ಬಂದವಳ ಮೂಗಿಗೆ ವಾಸನೆ ಬಡಿದಿತ್ತು.

ಹಸಿ ಹುಲ್ಲನ್ನು ಒತ್ತಿ ಕಟ್ಟಿಟ್ಟರೆ ಅದು ಸುಮ್ಮನಿರುವುದಿಲ್ಲ. ಒಳಗೊಳಗೇ ಕಾಯುತ್ತದೆ, ಎರಡು ಮೂರು ವಾರ ಕಾದು ಒಂದು ದಿನ ತಾನಾಗಿಯೇ ಹೊತ್ತಿಕೊಳ್ಳುತ್ತದೆ. ಇದನ್ನು ವನಜಾಗೆ ಹೇಳಿಕೊಟ್ಟವನೇ ಈಗ ಬೆಂಚಿನ ಮೇಲೆ ಮಲಗಿದ್ದ. ಗೋಡೆಯಾಚೆಯ ಎಂಟು ರೂಮುಗಳಲ್ಲಿ ಒಂದರೊಳಗೆ ಮಲಕವ್ವನ ಎರಡು ಮಕ್ಕಳು ಇನ್ನೂ ನಿದ್ದೆಯಲ್ಲಿದ್ದವು.

"ಮಕ್ಳನ್ನ ಎಬ್ಬಿಸ್ಕೊಂಡು ಆಚೆಗ್ ಬಾ," ಎಂದಳು ವನಜಾ. "ಉಳಿದವರಿಗೂ ಹೇಳು." ಕೊನೆಯ ಹುಲ್ಲನ್ನು ಕಟ್ಟಿದವಳು ಅವಳೇ.

*

ನಗರದ ಅಂಚಿನ ಹೂಡಿಯ ಹೊಲಗಳೆಲ್ಲ ಸೈಟಾಗಿ, ಸೈಟುಗಳೆಲ್ಲ ಕಟ್ಟಡವಾದ ಮೇಲೂ ಹುಲ್ಲು ಒಣಗಿಸುತ್ತಿದ್ದವನೆಂದರೆ ನರಸಪ್ಪ ಒಬ್ಬನೇ. ತಿಂಗಳು ತಿಂಗಳು ಬಾಡಿಗೆ ಬರುತ್ತಿತ್ತು, ಕಾಲ ಮೇಲೆ ಕಾಲು ಹಾಕಿಕೊಂಡು ಕೂರಬಹುದಿತ್ತು. ಕೂತರೆ ತಾನೇ. ಟೆಕ್ ಪಾರ್ಕಿನ ಹಿಂದೆ ಹನ್ನೊಂದು ಎಕರೆ ಖಾಲಿ ಬಿದ್ದಿತ್ತು. ಬೇಸಿಗೆಯಲ್ಲಿ ಬೆಂಕಿ ಬಿದ್ದೀತೆಂಬ ಭಯಕ್ಕೆ ಅದರ ಮಾಲೀಕರೇ, ಹುಲ್ಲು ಕೊಯ್ದುಕೊಂಡು ಹೋಗಪ್ಪ ಎಂದಿದ್ದರು. ಯಾವುದೋ ಮೇವಿನ ಫಾರಂ ಮುಚ್ಚಿದಾಗ ಹರಾಜಿನಲ್ಲಿ ತಂದ ಎರಡು ಸಾಮಾನು ಅವನ ಹತ್ತಿರ ಇದ್ದವು. ಒಂದು, ಟ್ರ್ಯಾಕ್ಟರಿನ ಹಿಂದೆ ಕಟ್ಟುವ ಕೊಯ್ಯುವ ಯಂತ್ರ, ಅದಕ್ಕೆ ಆಳುದ್ದದ ಹಲ್ಲಿನ ಪಟ್ಟಿ. ಇನ್ನೊಂದು, ಹುಲ್ಲು ತುಂಬಿ ಸನ್ನೆಗೋಲಿನಿಂದ ಒತ್ತುವ ಮರದ ಪೆಟ್ಟಿಗೆ. ಎರಡೂ ಅವನ ಮಗ ಹರ್ಷವರ್ಧನನಿಗಿಂತ ವಯಸ್ಸಿನಲ್ಲಿ ದೊಡ್ಡವು. ಒಂದು ಹಲ್ಲು ಮುರಿದರೂ ಅಂಗಡಿಯಲ್ಲಿ ಸಿಗುವುದಿಲ್ಲ. ನಗರದ ಇನ್ನೊಂದು ತುದಿಯ ಪೀಣ್ಯಕ್ಕೆ ಹೋಗಿ, ಲೇತ್ ಇಟ್ಟುಕೊಂಡಿದ್ದ ಚನಬಸಪ್ಪನ ಎದುರು ಕೂತು, ಅವನು ಮಾಡಿಕೊಡುವ ತನಕ ಏಳಬಾರದು.

ವನಜಾ ಕಲಿಯುತ್ತೇನೆಂದ ಮೊದಲ ದಿನವೇ ಯಂತ್ರವನ್ನು ಹುಲ್ಲಲ್ಲಿ ಅಡಗಿದ್ದ ಸೈಜುಗಲ್ಲಿನ ಮೇಲೆ ಹಾಯಿಸಿ ಮೂರು ಹಲ್ಲು ಮುರಿದಳು. ಮಾರನೆಯ ಬೆಳಿಗ್ಗೆ ನರಸಪ್ಪ ಮೂರು ಮುರುಕು ಹಲ್ಲನ್ನು ಅವಳ ಕೈಗಿಟ್ಟು, "ಪೀಣ್ಯಕ್ಕೋಗಿ ಬಾ," ಎಂದ. ಎರಡು ಬಸ್ಸು ಬದಲಿಸಿ ಹೋಗಿ, ಸಂಜೆಯವರೆಗೆ ಕೂತು ಬಂದ ಮೇಲೆ ಅವಳು ಯಂತ್ರ ಇಳಿಸುವ ಮೊದಲು ಜಾಗವನ್ನೆಲ್ಲ ನಡೆದು ನೋಡುವುದನ್ನು ಕಲಿತಳು.

"ನಾಕು ದಿನ ಬಿಸ್ಲು ಕಾಣ್ಸು," ಎನ್ನುತ್ತಿದ್ದ. "ಇಬ್ಬನಿ ಆರಿದ ಮೇಲೆ ಮಗುಚಾಕು. ಐದನೇ ದಿನ ಒಂದಿಡಿ ತಗಂಡು ತಿರುಚು. ಲಟಕ್ ಅಂದ್ರೆ ಕಟ್ಟು, ಬಗ್ಗುದ್ರೆ ಬಿಡು. ಅಷ್ಟೇಯ." ಕಟ್ಟುವುದು ಮಾತ್ರ ಅವನಂತೆ ಅವಳಿಗೆ ಬರಲಿಲ್ಲ. ನರಸಪ್ಪ ಎಡಚ. ಅವನು ಹಾಕಿದ ಗಂಟಿನಲ್ಲಿ ಹುರಿಯ ಬಾಲ ಎಡಕ್ಕೆ ಬರುತ್ತಿತ್ತು, ಇವಳದು ಬಲಕ್ಕೆ. ನಾಲ್ಕು ದಿನ ತಿದ್ದಿ, ನಿಂದು ನಿಂಗೆ ಹೋಗು ಎಂದು ಬಿಟ್ಟುಬಿಟ್ಟ.

ಸೊಸೆಗೆ ಹೀಗೆ ಬಿಟ್ಟವನು ಮಗನಿಗೆ ಬಿಟ್ಟಿರಲಿಲ್ಲ. ಹದಿನಾರನೇ ವಯಸ್ಸಿನಲ್ಲಿ ಹರ್ಷ ಒಂದೇ ಒಂದು ಹಸಿ ಕಟ್ಟು ಕಟ್ಟಿದ್ದ. ಅದನ್ನು ಅರಳಿಕಟ್ಟೆಯವರೆಗೆ ಎಳೆದುಕೊಂಡು ಹೋಗಿ, ಊರಿನವರ ಮುಂದೆ ಬಿಚ್ಚಿ, "ನನ್ ಮಗನ ಕೆಲ್ಸ ನೋಡ್ರಪ್ಪಾ," ಎಂದಿದ್ದ ನರಸಪ್ಪ. ಆವತ್ತಿನಿಂದ ಹರ್ಷ ಹುಲ್ಲು ಮುಟ್ಟಲಿಲ್ಲ. ಎರಡು ನೀರಿನ ಟ್ಯಾಂಕರ್ ಇಟ್ಟುಕೊಂಡು ತನ್ನ ಪಾಡಿಗೆ ತಾನಿದ್ದ. ಹೆಂಡತಿಗೆ ಮಾತ್ರ ಆಗಾಗ ಹೇಳುತ್ತಿದ್ದ: "ಒಂದೇ ಒಂದ್ ಸಲ ಆ ಶೆಡ್ಡಲ್ಲಿ ಹೊಗೆ ಕಾಣಿಸ್ಲಿ. ಅವತ್ತೇ ಕೆಡವಿ ರೂಮ್ ಕಟ್ಸ್ತೀನಿ. ನೀನೂ ಅಡ್ಡ ಬರ್ಬೇಡ."

ಹತ್ತು ದಿನದ ಹಿಂದೆ ಮಾವನನ್ನು ಆಸ್ಪತ್ರೆಗೆ ಸೇರಿಸಿದಾಗ ಕೊಯ್ದ ಹುಲ್ಲು ಇನ್ನೂ ನೆಲದ ಮೇಲಿತ್ತು, ಮೋಡ ಕವಿದಿತ್ತು. ಐದನೇ ದಿನಕ್ಕೆ ಕಾಯದೆ, ಕೊಯ್ದ ನಾಲ್ಕನೆಯ ದಿನಕ್ಕೇ ವನಜಾ ಒಬ್ಬಳೇ ಕಟ್ಟಿದಳು. ತಿರುಚಿದಾಗ ಲಟಕ್ ಅಂದಂತಿತ್ತು. ಅವಸರದಲ್ಲಿ ಶೆಡ್ಡಿನಲ್ಲಿ ಎಲ್ಲೆಲ್ಲಿ ಸಂದಿಯಿತ್ತೋ ಅಲ್ಲೆಲ್ಲ ತುರುಕಿದ್ದಳು.

*

ಬಾಯಿ ಮುಚ್ಚಿಕೊಂಡಿದ್ದರೆ ಮಣ್ಣು ಮುಗಿಯುವವರೆಗೆ ಗಂಡನಿಗೆ ತಿಳಿಯುತ್ತಿರಲಿಲ್ಲ. ಆ ಯೋಚನೆ ಅವಳಿಗೆ ಬರಲಿಲ್ಲವೆಂದರೆ ಸುಳ್ಳಾದೀತು. ಶೆಡ್ಡು ಹೋದರೆ ಹುಲ್ಲೂ ಹೋಯಿತು, ಯಂತ್ರ ಗುಜರಿಗೆ, ತಾನು ಮತ್ತೆ ಅಡುಗೆಮನೆಗೆ ಎಂಬುದು ಅವಳಿಗೆ ಗೊತ್ತಿತ್ತು. ಆದರೂ ನೆಟ್ಟಗೆ ಶಾಮಿಯಾನದ ಕೆಳಗೆ ಬಂದು ಗಂಡನ ಎದುರು ನಿಂತಳು.

"ರೀ, ಒಂದ್ ಟ್ಯಾಂಕರ್ ಗೇಟ್ ಹತ್ರ ತರ್ಸಿ. ಹುಲ್ಲು ಕಾದಿದೆ. ಈಗ್ಲೇ ಆಚೆ ಹಾಕ್ಬೇಕು."

ಹರ್ಷ ಅಪ್ಪನ ತಲೆಯ ಹತ್ತಿರ ಕೂತಿದ್ದವನು ಮುಖ ಎತ್ತಿದ. "ಯಾವ ಹುಲ್ಲು?"

"ಕೊನೇದು. ನಾನ್ ಕಟ್ಟಿದ್ದು."

ಸುತ್ತ ಕೂತವರೆಲ್ಲ ಅವಳತ್ತ ತಿರುಗಿದರು. ಮಾಲೂರಿನಿಂದ ಆಗತಾನೆ ಬಂದಿಳಿದಿದ್ದ ನರಸಪ್ಪನ ತಂಗಿ ಸೊಣ್ಣಮ್ಮ ಮೂಗು ಒರೆಸಿಕೊಂಡು, "ಎಣ ಮುಂದಿಟ್ಕಂಡು ಹುಲ್ಲು ಎಳೀತಾರೇನವ್ವಾ? ಮಣ್ಣಾಗಗಂಟ ತಡ್ಕಳಕ್ಕಾಗಕಿಲ್ವಾ?" ಎಂದಳು.

"ಎಂಟು ಮನೆ ಜನ ಔರೆ ಅತ್ತೆ ಅಲ್ಲಿ," ಎಂದು ಹರ್ಷನೇ ಎದ್ದ. ಹೆಂಡತಿಯ ಮುಖ ನೋಡಲಿಲ್ಲ. ಡ್ರೈವರಿಗೆ ಫೋನು ಹಚ್ಚುತ್ತಲೇ ಪಂಚೆ ಮೇಲೆ ಕಟ್ಟಿದ.

ದುಃಖಕ್ಕೆಂದು ಬಂದಿದ್ದ ಗಂಡಸರೆಲ್ಲ ಸಾಲಾಗಿ ನಿಂತರು. ಬೆಂಚು ದಾರಿಗೆ ಅಡ್ಡವಾಗಿತ್ತು, ನರಸಪ್ಪನನ್ನು ಬೆಂಚಿನ ಸಮೇತ ಎತ್ತಿ ಗೇಟಿನ ಕಡೆ ಸರಿಸಿದರು. ಹುಲ್ಲಿನ ಕೆಲಸಕ್ಕೆ ಜಾಗ ಬಿಡಲು ಅವನೇನೂ ಬೇಸರ ಮಾಡಿಕೊಳ್ಳುವ ಪೈಕಿಯಲ್ಲ. ಟ್ಯಾಂಕರು ಬಂತು, ಪೈಪು ಹಿಡಿದು ಡ್ರೈವರು ಸಿದ್ಧವಾಗಿ ನಿಂತ. ಕಟ್ಟುಗಳು ಕೈಯಿಂದ ಕೈಗೆ ಹೊರಗೆ ಬರತೊಡಗಿದವು. ವನಜಾ ಒಂದೊಂದಕ್ಕೂ ಕೈ ತೂರಿಸಿ ನೋಡಿದಳು. ತಣ್ಣಗಿತ್ತು. ಮುಂದಿನದೂ ತಣ್ಣಗೆ. ಮೂವತ್ತು ಕಟ್ಟು ಕಳೆದ ಮೇಲೆ, ಹಿಂದಿನ ಮೂಲೆಯಿಂದ, ಹಿಡಿದವರ ಕೈ ಚುರ್ರೆನ್ನಿಸುತ್ತ, ಹಬೆಯಾಡುತ್ತ ಹನ್ನೊಂದು ಕಟ್ಟು ಹೊರಗೆ ಬಂದವು. ಒಳಗೆಲ್ಲ ಹೊಗೆಸೊಪ್ಪಿನ ಬಣ್ಣ. ಇನ್ನೆರಡು ದಿನ ಬಿಟ್ಟಿದ್ದರೆ ದೇವರೇ ಗತಿ.

ಶೆಡ್ಡಿನ ಕತ್ತಲಲ್ಲಿ ಕಾಣದಿದ್ದ ಗಂಟು ಬಿಸಿಲಿನಲ್ಲಿ ವನಜಾಗೆ ಕಂಡಿತು. ಬಾಲ ಎಡಕ್ಕಿತ್ತು.

ಇನ್ನೊಂದು ನೋಡಿದಳು. ಮತ್ತೊಂದು. ಹನ್ನೊಂದೂ ಎಡಕ್ಕೆ. ಹದಿನೈದು ದಿನದ ಹಿಂದೆ ಅವಳು ತಂಗಿಯ ಗೃಹಪ್ರವೇಶಕ್ಕೆ ಹೋಗಿದ್ದಾಗ ಮಾವ ಒಬ್ಬನೇ ಕಟ್ಟಿದ್ದು ಇವೇ. ಅವಳು ಅಲ್ಲೇ ಕುಕ್ಕರಿಸಿದಳು. ತನ್ನದಲ್ಲ, ತನ್ನ ಕೈ ತಪ್ಪಿಲ್ಲ. ಅದರ ಹಿಂದೆಯೇ ಇನ್ನೊಂದು ಅರ್ಥವಾಯಿತು. ಈಚೆಗೆ ಮಾವ ಹುಲ್ಲು ತಿರುಚಿ, "ನೀನೇ ನೋಡು," ಎಂದು ಅವಳ ಕೈಗೆ ಕೊಡುತ್ತಿದ್ದ. ಪರೀಕ್ಷೆ ಮಾಡುತ್ತಿದ್ದಾನೆ ಎಂದುಕೊಂಡಿದ್ದಳು. ಬೆರಳು ಜೋಮು ಹಿಡಿದು ಹಸಿ ಯಾವುದು ಒಣ ಯಾವುದು ತಿಳಿಯದಾಗಿತ್ತು ಅವನಿಗೆ, ಪುಣ್ಯಾತ್ಮ ಯಾರಿಗೂ ಹೇಳಿರಲಿಲ್ಲ.

ವನಜಾ ಕುಡುಗೋಲು ತೆಗೆದುಕೊಂಡು ಬೇಗ ಬೇಗ ಹುರಿ ಕತ್ತರಿಸತೊಡಗಿದಳು.

"ನಿಂದೇನಾ?" ಎಂದ ಹರ್ಷ, ಹಿಂದಿನಿಂದ.

"ಹೂಂ. ನಂದೇ."

"ಎಲ್ಲಿ, ತೋರ್ಸು." ಬೆಳಗಿನಿಂದ ಕಣ್ಣೀರಿಲ್ಲದೆ, ಮಾತಿಲ್ಲದೆ ಹೆಣದ ಕಾಲ ಬಳಿ ಕೂತಿದ್ದ ನರಸಪ್ಪನ ಹೆಂಡತಿ ಅಂಜಿನಮ್ಮ ಎದ್ದು ಬಂದಿದ್ದಳು.

"ಏನಿಲ್ಲ ಅತ್ತೆ, ನೀವ್ ಕೂತ್ಕೊಳಿ."

ಅಂಜಿನಮ್ಮ ಕೂರಲಿಲ್ಲ. ಬಗ್ಗಿ ಉಳಿದಿದ್ದ ಒಂದು ಗಂಟನ್ನು ಹಿಡಿದು ನೋಡಿದಳು. "ಇದು ನಿಂದಲ್ಲ ಕಣವ್ವಾ," ಎಂದಳು. "ಇದು ನಿಮ್ಮಾವಂದು."

ಅಂಜಿನಮ್ಮ ಹುರಿಯನ್ನು ಬಿಡದೆ ಬೆಂಚಿನ ಕಡೆ ತಿರುಗಿದಳು.

"ನಲ್ವತ್ತೆಂಟು ವರ್ಸ. ಮೆಣ್ಸಿನ್ಕಾಯಿ ಒಣಗಿಲ್ಲ, ಸಂಡಿಗೆ ಒಣಗಿಲ್ಲ, ಅವರೆಕಾಳು ಒಣಗಿಲ್ಲ ಅಂತ ಒಂದಿನಾನಾದ್ರೂ ಸುಮ್ಕಿದ್ನಾ ಈವಯ್ಯ? ನೋಡಪ್ಪಾ, ನೋಡು ನಿನ್ ಕೆಲ್ಸಾನ." ಹೇಳುತ್ತ ಹೇಳುತ್ತ ಅವಳಿಗೆ ನಗು ಬಂದುಬಿಟ್ಟಿತು. ಸೆರಗು ಬಾಯಿಗೆ ಒತ್ತಿದರೂ ನಿಲ್ಲಲಿಲ್ಲ. ಸೊಣ್ಣಮ್ಮ ಹೌಹಾರಿ ನೋಡಿದವಳು, "ನಮ್ಮಣ್ಣ ನಂಗೂ ಇಂಗೇ ಕಣತ್ಗೆ," ಎಂದು ತಾನೂ ನಕ್ಕಳು. ನಗುತ್ತಲೇ ಅಂಜಿನಮ್ಮನಿಗೆ ಅಳು ಬಂತು. ಅವಳು ಅತ್ತದ್ದು ಆಗಲೇ, ಮನಸ್ಸು ಹಗುರವಾಗುವಷ್ಟು ಅತ್ತಳು.

ಹರ್ಷ ತಣ್ಣನೆಯ ಕಟ್ಟೊಂದರ ಮೇಲೆ ಕೂತುಬಿಟ್ಟಿದ್ದ. "ಅಪ್ಪಂಗೂ ತಪ್ಪಾಗ್ತಿತ್ತು," ಎಂದ, ತನಗೆ ತಾನೇ. ಅರಳಿಕಟ್ಟೆಯ ಆ ಒಂದು ಕಟ್ಟನ್ನು ಇಪ್ಪತ್ತೊಂಬತ್ತು ವರ್ಷ ಹೊತ್ತುಕೊಂಡು ತಿರುಗಿದ್ದನಲ್ಲ, ಅದು ಈಗ ಇಳಿಯಿತು. ಅಪ್ಪನ ಮೇಲೆ ಅವನಿಗೆ ಇಷ್ಟೊಂದು ಪ್ರೀತಿ ಹಿಂದೆಂದೂ ಬಂದಿರಲಿಲ್ಲ.

"ನಿಂದು ಅಂತ ಯಾಕ್ ಹೇಳ್ದೆ?" ಎಂದು ಹೆಂಡತಿಯನ್ನು ಕೇಳಿದ. "ಶೆಡ್ ಹೋಗುತ್ತೆ ಅಂತ ಗೊತ್ತಿತ್ತಲ್ಲ."

"ಇವತ್ತೊಂದಿನ ಮಾವನ್ನ ಯಾರೂ ಏನೂ ಅನ್ಬಾರ್ದು ಅನ್ನಿಸ್ತು."

ಹರ್ಷ ತಿರುಗಿ ಶೆಡ್ಡಿನ ಗೋಡೆಯತ್ತ ನೋಡಿದ. "ಶೆಡ್ ಇರ್ಲಿ," ಎಂದ ಆಮೇಲೆ. "ಗೋಡೆ ಪಕ್ಕ ಬೇಡ, ಆ ತುದೀಗ್ ಸರಿಸಿ ಕಟ್ಸಣ. ಮುಂದಿನ್ ವರ್ಷಾನೂ ನೀನೇ ಕುಯ್ಯಿ." ಎದ್ದು ಬಿಚ್ಚಿದ ಹುಲ್ಲನ್ನು ತಬ್ಬಿ ಎತ್ತಿಕೊಂಡ. "ಇದನ್ನ ಹೆಂಗ್ ಹರಡ್ಬೇಕು?"

"ತೆಳ್ಳಗೆ. ಗಾಳಿ ಆಡ್ಬೇಕು."

"ನೀರು?"

"ಬೇಡ. ಹೊಗೆ ಬಂದ್ರೆ ಮಾತ್ರ."

ಹೊಗೆ ಬರಲಿಲ್ಲ. ಗೇಟಿನಿಂದ ಮೋರಿಯವರೆಗೆ ರಸ್ತೆಯ ಒಂದು ಬದಿಯೆಲ್ಲ ಹುಲ್ಲು ಹರಡಿತು. ಕಂಪನಿ ಬಸ್ಸುಗಳು ಹಾರನ್ ಹಾಕದೆ ಪಕ್ಕಕ್ಕೆ ಸರಿದು ಹೋದವು. ಮಲಕವ್ವ ಮಕ್ಕಳನ್ನು ರೂಮಿಗೆ ಕಳಿಸಿ, ಬಂದವರಿಗೆಲ್ಲ ನೀರು ಕೊಟ್ಟಳು. ತಮಟೆ ಮತ್ತೆ ಶುರುವಾಯಿತು.

ಮಧ್ಯಾಹ್ನ ಎರಡಕ್ಕೆ ನರಸಪ್ಪನನ್ನು ಊರ ಸ್ಮಶಾನದ ಗುಂಡಿಗೆ ಇಳಿಸಿದರು. ಮೊದಲ ಹಿಡಿ ಮಗನದು. ಹರ್ಷ ಮುಷ್ಟಿ ತುಂಬ ಮಣ್ಣು ಹಿಡಿದು ಬಗ್ಗಿದ. ಅವನ ತಲೆಗೂದಲಿನಿಂದ, ಅಂಗಿಯ ಮಡಿಕೆಗಳಿಂದ ಹುಲ್ಲು ಉದುರಿ, ಮಣ್ಣಿಗಿಂತ ಮೊದಲು ಅಪ್ಪನ ಎದೆಯ ಮೇಲೆ ಬಿತ್ತು.